ರುಚಿ ನೋಡದೆ ಉಪ್ಪು ಹೇಳುವ ವಿದ್ಯೆ

ತಪ್ಪು ಹುಡುಕುವವರಲ್ಲಿ ಎರಡು ಜಾತಿ. ಊಟ ಮುಗಿಸಿ, ಕೈ ತೊಳೆದು, ಬಾಳೆಹಣ್ಣು ಸುಲಿಯುತ್ತಾ "ಹುಳಿಗೆ ಉಪ್ಪು ಒಂದು ಚೂರು ಮುಂದಾಗಿತ್ತು" ಎನ್ನುವವರು ಒಂದು ಜಾತಿ. ಇವರಿಂದ ಯಾರಿಗೂ ಪ್ರಯೋಜನವಿಲ್ಲ, ಹುಳಿ ಆಗಲೇ ಹೊಟ್ಟೆ ಸೇರಿಯಾಗಿದೆ. ಇನ್ನೊಂದು ಜಾತಿಯವರು ಪಾತ್ರೆ ಒಲೆಯ ಮೇಲಿರುವಾಗಲೇ, ನಾಲಿಗೆಗೆ ಒಂದು ಹನಿಯನ್ನೂ ಸೋಕಿಸದೆ, ಬಾಗಿಲಲ್ಲಿ ನಿಂತು ಹೇಳಿಬಿಡುತ್ತಾರೆ. ಈ ಎರಡನೆಯ ಜಾತಿಯವರೊಬ್ಬರ ಕೈಕೆಳಗೆ ನಾನು ಬಹಳ ಕಾಲ ಸಂಸಾರ ಮಾಡಿದೆ. ಇವರ ಕಣ್ಣಿನಿಂದ ಒಂದು ದಿನದ ಮಟ್ಟಿಗಾದರೂ ಬಿಡುಗಡೆ ಕೊಡಪ್ಪಾ ಎಂದು ಎಷ್ಟೋ ಸಲ ದೇವರನ್ನು ಬೇಡಿಕೊಂಡಿದ್ದೇನೆ. ಕೊನೆಗೆ ಬಿಡುಗಡೆ ಸಿಕ್ಕಿತು. ಸಿಕ್ಕಿದ್ದಕ್ಕೆ ಸುಮ್ಮನಿರಬಾರದೆ? ಆಫೀಸಿನಲ್ಲಿ ಹಟ ಹಿಡಿದು ಅದೇ ಜಾತಿಯ ಇನ್ನೊಂದನ್ನು ತರಿಸಿ ಕೂರಿಸಿಕೊಂಡೆ. ಬೇಲಿಯ ಮೇಲೆ ಹೋಗುತ್ತಿದ್ದ ಓತಿಕೇತವನ್ನು ಕರೆದು ಮೈಮೇಲೆ ಬಿಟ್ಟುಕೊಂಡೆ ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಮೊದಲನೆಯವರು ನಮ್ಮ ಅತ್ತೆ, ನನ್ನ ಯಜಮಾನರ ತಾಯಿ. ನಮ್ಮ ಮನೆಯಲ್ಲಿ ಹಬ್ಬದ ಅಡಿಗೆಯನ್ನು ದೇವರಿಗೆ ನೈವೇದ್ಯವಾಗುವ ತನಕ ಯಾರೂ ಬಾಯಿಗೆ ಹಾಕುವಂತಿಲ್ಲ. ಉಪ್ಪು ಸರಿಯಿದೆಯೇ ಎಂದು ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದರೂ ಇಡೀ ಅಡಿಗೆ ಎಂಜಲಾಯಿತು. ಹಾಗಾದರೆ ಉಪ್ಪು ಗೊತ್ತಾಗುವುದು ಹೇಗೆ? ನಮ್ಮತ್ತೆಗೆ ಮೂಗಿನಲ್ಲಿ ಗೊತ್ತಾಗುತ್ತಿತ್ತು. ಪಾತ್ರೆಯ ಮೇಲೆ ಒಮ್ಮೆ ಬಗ್ಗಿ, ಆವಿಯನ್ನು ಎಳೆದುಕೊಂಡು, "ವಿಜಿ, ಉಪ್ಪು ಸಾಲ್ದು ಕಣೇ, ಇನ್ನರ್ಧ ಚಮಚ" ಎನ್ನುತ್ತಿದ್ದರು. ನನಗೆ ನಂಬಿಕೆಯಿರಲಿಲ್ಲ. ಒಂದು ಸಲ ಪರೀಕ್ಷೆ ಮಾಡಲೆಂದೇ ಸಾರಿಗೆ ಉಪ್ಪು ಹಾಕದೆ ಕುದಿಯಲು ಬಿಟ್ಟು ಮುಗ್ಧಳಂತೆ ಕಾಯಿ ತುರಿಯುತ್ತಾ ಕುಳಿತೆ. ಹಜಾರದಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅತ್ತೆ ಅಲ್ಲಿಂದಲೇ, "ಸಾರಿಗೆ ಉಪ್ಪು ಬಿದ್ದಿಲ್ಲ, ಮರೆತ್ಯೋ ಇಲ್ಲ ನನ್ನ ಮೂಗು ಸರಿಯಾಗಿದ್ಯೋ ಅಂತ ನೋಡ್ತಿದ್ಯೋ?" ಎಂದರು. ಅಂದಿನಿಂದ ಪರೀಕ್ಷೆಗಳನ್ನು ಕೈಬಿಟ್ಟೆ.

ಅತ್ತೆ ಮೈಸೂರಿನಲ್ಲಿ ನಮ್ಮ ಭಾವನವರ ಮನೆಯಲ್ಲಿರುತ್ತಿದ್ದರು. ಚಳಿಗಾಲಕ್ಕೆ ತಪ್ಪದೆ ಮಸ್ಕತ್ತಿಗೆ, ಅಲ್ ಅಜೈಬಾದ ನಮ್ಮ ಮನೆಗೆ ಬರುತ್ತಿದ್ದರು. ಬಂದವರು ಸೂಟ್‌ಕೇಸು ಬಿಚ್ಚುವುದಕ್ಕೂ ಮೊದಲು ನನ್ನ ಅಡಿಗೆಮನೆಯ ಕಪಾಟುಗಳನ್ನು ಬಿಚ್ಚುತ್ತಿದ್ದರು. "ಈ ಡಬ್ಬಿ ಯಾಕೆ ಇಟ್ಕೊಂಡಿದೀಯ, ಒಳಗೆ ಏನೂ ಇಲ್ಲ." "ಇಲ್ಲೂ ಸಾಸಿವೆ, ಅಲ್ಲೂ ಸಾಸಿವೆ, ಎರಡು ಕಡೆ ಯಾಕೆ?" "ನಲ್ಲಿ ಪೂರ್ತಿ ತಿರುಗಿಸಿಲ್ಲ, ತೊಟ್ಟಿಕ್ತಿದೆ." ಸುಳ್ಳು ದೂರುಗಳೂ ಇದ್ದವು ಎನ್ನಿ. ಒಮಾನಿ ಹಲ್ವಾದ ಬಟ್ಟಲನ್ನು ಮುಂದಿಟ್ಟರೆ ಗುಲಾಬಿ ನೀರಿನ ವಾಸನೆ ಹಿಡಿದು "ಇದು ಸೋಪು" ಎಂದು ತೀರ್ಪು ಕೊಟ್ಟರು. ಸಂಜೆಯ ಹೊತ್ತಿಗೆ ಅರ್ಧ ಬಟ್ಟಲು ಖಾಲಿಯಾಗಿತ್ತು. ಅವರು ಮೈಸೂರಿನಲ್ಲಿರುವಾಗ ಹಬ್ಬ ಬಂದರೂ ನನಗೆ ರಜೆಯಿಲ್ಲ. ವಿಡಿಯೋ ಕರೆ ಮಾಡಿ, "ಫೋನನ್ನ ಪಾತ್ರೆ ಹತ್ರ ಹಿಡಿ" ಎನ್ನುತ್ತಿದ್ದರು. ವಾಸನೆ ಸಮುದ್ರ ದಾಟಿ ಹೋಗದು, ಹಾಗಾಗಿ ಕುದಿಯುವ ಸದ್ದು ಕೇಳಿಯೇ ಹೇಳುತ್ತಿದ್ದರು: "ಬೇಳೆ ಗಟ್ಟಿಯಾಯ್ತು, ನೀರು ಬಿಡು." ನೀರು ಬಿಡುತ್ತಿದ್ದೆ. ಸರಿಯಾಗುತ್ತಿತ್ತು. ಅದೇ ನನ್ನ ಹೊಟ್ಟೆಯುರಿ.

ಅವರು ಹೋಗಿ ವರ್ಷದ ಮೇಲಾಯಿತು.

ಇನ್ನು ಆಫೀಸಿನ ಕತೆ. ಮಸ್ಕತ್ತಿನ ಖುರುಮ್‌ನಲ್ಲಿರುವ ನಮ್ಮ ಕಂಪನಿ ಆಸ್ಪತ್ರೆಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುತ್ತದೆ: ರೋಗಿಯ ಹೆಸರು ಬರೆಸುವುದು, ವೈದ್ಯರನ್ನು ಕಾಣುವ ಹೊತ್ತು ಗೊತ್ತುಮಾಡುವುದು, ಔಷಧದ ಚೀಟಿ, ಎಲ್ಲವೂ. ವರ್ಷಗಳಿಂದ ಹತ್ತಾರು ಜನ ಬರೆದ ಲಕ್ಷಾಂತರ ಸಾಲುಗಳನ್ನು ಒಟ್ಟು ಸೇರಿಸಿ ಓಡುವ ಒಂದು ವಸ್ತುವನ್ನಾಗಿ ಮಾಡುವುದಕ್ಕೆ ನಾವು ಬಿಲ್ಡ್ ಎನ್ನುತ್ತೇವೆ. ಮದುವೆಮನೆಯ ಅಡಿಗೆಯಂತೆ ಅದೂ ಗಂಟೆಗಟ್ಟಲೆ ಬೇಯುತ್ತದೆ. ತಪ್ಪು ಗೊತ್ತಾಗುವುದು ಮಾತ್ರ ಬಡಿಸಿದ ಮೇಲೆ. ನಿಜ್ವಾ ಎಂಬ ಊರಿನ ಒಂದು ಆಸ್ಪತ್ರೆಯಲ್ಲಿ ಬಡಿಸಿದಾಗ ಹಾಗೇ ಆಯಿತು. ಫೋನ್ ನಂಬರ್ ಇಲ್ಲದ ಅಜ್ಜಿಯೊಬ್ಬರು ಬಂದು ಕೂತರು, ಅವರ ಹೆಸರು ಹಾಕಿದ್ದೇ ತಡ ಪರದೆ ಕಪ್ಪಾಗಿ ಹೋಯಿತು. ನಮ್ಮ ಸಾಫ್ಟ್‌ವೇರಿಗೆ ಫೋನ್ ಇಲ್ಲದ ಮನುಷ್ಯರ ಕಲ್ಪನೆಯೇ ಇರಲಿಲ್ಲ. ಆಗ ನನ್ನ ತಲೆಗೆ ಸ್ಟ್ಯಾಟಿಕ್ ಅನಾಲಿಸಿಸ್ ಹೊಕ್ಕಿತು. ಅದೊಂದು ತಂತ್ರ. ಬರೆದದ್ದನ್ನು ಓಡಿಸಿ ನೋಡುವುದಿಲ್ಲ, ಬರೀ ಓದಿ ನೋಡಿ, ಇಲ್ಲಿ ಎಡವುತ್ತೀರಿ, ಇಲ್ಲಿ ಬೀಳುತ್ತೀರಿ ಎಂದು ಹೇಳುತ್ತದೆ. ಅದನ್ನು ಬಿಲ್ಡಿನೊಳಗೇ ಕೂರಿಸಿದರೆ ತಪ್ಪಿದ್ದ ಬಿಲ್ಡು ಅಲ್ಲೇ ನಿಲ್ಲುತ್ತದೆ, ಆಸ್ಪತ್ರೆಯ ತನಕ ಹೋಗುವುದಿಲ್ಲ. ಇಂಥದ್ದು ಬೇಕೇ ಬೇಕು ಎಂದು ನಮ್ಮ ಮ್ಯಾನೇಜರ್ ಸಾಲಿಂ ಅವರ ಮುಂದೆ ಭಾಷಣ ಬಿಗಿದೆ. ಭಾಷಣ ಮಾಡುವಾಗ ಇದು ನಮ್ಮತ್ತೆಯ ವಿದ್ಯೆ ಎಂದು ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆನೋ ಏನೋ.

ಬಿಲ್ಡ್ ಕಾಯುವವರು ರಫೀಕ್, ಅದರ ಹಳೆಯ ಭಾಗವನ್ನು ಬರೆದವರೂ ಅವರೇ. ಬಂಟ್ವಾಳದ ಕಡೆಯ ಬ್ಯಾರಿ, ನನಗಿಂತ ಎರಡು ವರ್ಷ ಚಿಕ್ಕವರು. ಕಂಪನಿ ಮೂರು ಕೋಣೆಯಲ್ಲಿದ್ದ ಕಾಲದಿಂದ ಇಬ್ಬರೂ ಒಟ್ಟಿಗಿದ್ದೇವೆ. ಸೇರಿದ ಮೊದಲ ವಾರ ನಾನು ಬರೆದದ್ದನ್ನು ಓದಿ ನನ್ನ ಮೇಜಿನ ಹತ್ತಿರ ಬಂದು, "ಅಕ್ಕ, ಕತೆ ಚಂದ ಉಂಟು. ಆದ್ರೆ ಓಡುದಿಲ್ಲ ಮಾರಾಯ್ರೆ" ಎಂದಿದ್ದರು. ಅಲ್ಲಿಂದ ಶುರುವಾದ ಸ್ನೇಹ. ನಿಜ್ವಾಕ್ಕೆ ಮೊದಲ ಸಲ ಸಾಫ್ಟ್‌ವೇರ್ ಕೂರಿಸಲು ಹೋದಾಗ ಕಾರು ಓಡಿಸಿದವರು ಅವರು, ದಾರಿಯುದ್ದಕ್ಕೂ ದಿಕ್ಕು ತಪ್ಪಿಸಿದವಳು ನಾನು. ಖರ್ಜೂರದ ತೋಟದ ನೆರಳಿನಲ್ಲಿ ಕಾರು ನಿಲ್ಲಿಸಿ, ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೊನೆಯ ತಪ್ಪನ್ನು ತಿದ್ದಿ, ಹಾಲಿಲ್ಲದ ಬಿಸಿ ಬಿಸಿ ಸುಲೈಮಾನಿ ಚಹಾ ಕುಡಿದದ್ದು ಈಗಲೂ ನಾಲಿಗೆಯ ಮೇಲಿದೆ. ಅಂದು ತಿದ್ದಿದ ಸಾಲಿನ ಪಕ್ಕದಲ್ಲಿ ರಫೀಕ್ ಇಂಗ್ಲಿಷ್ ಅಕ್ಷರಗಳಲ್ಲಿ "ಇಲ್ಲಿ ಕೈ ಹಾಕಬೇಡಿ, ನಡೀತಾ ಉಂಟು" ಎಂದು ಬರೆದಿಟ್ಟರು. ಯಾರೂ ಕೈ ಹಾಕಲಿಲ್ಲ, ನಡೆಯುತ್ತಲೇ ಇತ್ತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗಲೂ ಅವರಿಗೆ ದಾಕ್ಷಿಣ್ಯವಿಲ್ಲ. ಅವರ ಮನೆಯ ಅಕ್ಕಿರೊಟ್ಟಿ ಪತ್ತಿರ್ ನನಗೆ, ನನ್ನ ಚಿತ್ರಾನ್ನ ಅವರಿಗೆ. "ಹುಳಿ ಜಾಸ್ತಿಯಾಯ್ತು ಅಕ್ಕ, ಹಲ್ಲು ಜುಮ್ಮೆಂತದೆ" ಎನ್ನುತ್ತಲೇ ಪೂರ್ತಿ ತಿನ್ನುತ್ತಿದ್ದರು.

ಹೊಸ ತಂತ್ರವನ್ನು ಬಿಲ್ಡಿಗೆ ಜೋಡಿಸಿ ಮೊದಲ ಸಲ ಓಡಿಸಿದ ದಿನ ಎಲ್ಲರೂ ಸಭೆಯ ಕೋಣೆಯಲ್ಲಿ ಕುಳಿತಿದ್ದೆವು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಫಲಿತಾಂಶ ಮೂಡಬೇಕು. ನಾನು ಹೆಣ್ಣು ತೋರಿಸುವ ಮನೆಯವರಂತೆ ಸಡಗರದಲ್ಲಿದ್ದೆ. ಮೂಡಿತು. ಹನ್ನೊಂದು ಸಾವಿರ ಚಿಲ್ಲರೆ ತಪ್ಪುಗಳು. ಈ ಹೆಸರನ್ನು ಇಟ್ಟಿದ್ದೀರಿ, ಬಳಸಿಯೇ ಇಲ್ಲ. ಇದೇ ಮಾತನ್ನು ಎರಡು ಕಡೆ ಬರೆದಿದ್ದೀರಿ. ಇದನ್ನು ತೆರೆದಿದ್ದೀರಿ, ಮುಚ್ಚಿಲ್ಲ. ಈ ಸಾಲಿನ ತನಕ ಯಾರೂ ಎಂದೂ ಬರುವುದಿಲ್ಲ. ಖಾಲಿ ಡಬ್ಬಿ, ಎರಡು ಕಡೆ ಸಾಸಿವೆ, ತೊಟ್ಟಿಕ್ಕುವ ನಲ್ಲಿ! ಅತ್ತೆ ಬಂದು ಕಪಾಟು ಬಿಚ್ಚಿದ್ದಾರೆ ಎಂದು ನನಗೆ ಆಗಲೇ ಅನ್ನಿಸಿತು. ಆದರೆ ನಮ್ಮತ್ತೆ ಹೇಳುವುದನ್ನು ಅಡಿಗೆಮನೆಯೊಳಗೆ, ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಇದು ತುಂಬಿದ ಸಭೆಯಲ್ಲಿ, ಪ್ರತಿ ತಪ್ಪಿನ ಎದುರಿಗೆ ಬರೆದವರ ಹೆಸರನ್ನೂ ಹಾಕಿತು. ಮೇಲಿಂದ ಕೆಳಗಿನ ತನಕ ಒಂದೇ ಹೆಸರು. ಹಳೆಯ ಭಾಗವನ್ನೆಲ್ಲ ಬರೆದವರು ರಫೀಕ್ ಅಲ್ಲವೆ?

ರಫೀಕ್ ಮೊದಲು ನಕ್ಕರು. "ಆ ಹೆಸರು ಮುಂದೆ ಬೇಕಾದೀತು ಅಂತ ಇಟ್ಟದ್ದು" ಎಂದರು. ಮುಂದಿನದಕ್ಕೆ, "ಅದು ತಪ್ಪಲ್ಲ, ಬೇಕೂಂತಲೇ ಹಾಗೆ ಮಾಡಿದ್ದು" ಎಂದರು. ಪರದೆ ಮೇಲಕ್ಕೆ ಸರಿಯುತ್ತಲೇ ಇತ್ತು, ಅವರ ಹೆಸರು ಮುಗಿಯಲಿಲ್ಲ. ಪ್ರೊಜೆಕ್ಟರ್ ಆರಿಸುವ ಬುದ್ಧಿ ನನಗೆ ಬರುವ ಹೊತ್ತಿಗೆ ಅವರು ಎದ್ದು ಹೋಗಿದ್ದರು. ಮಾರನೆಯ ದಿನ ಚಹಾದ ಹೊತ್ತಿಗೆ ನಾನೇ ಅವರ ಮೇಜಿನ ಹತ್ತಿರ ಹೋಗಿ, "ಬನ್ನಿ ರಫೀಕ್, ಸುಲೈಮಾನಿ" ಎಂದೆ. ಅವರು ಪರದೆಯಿಂದ ಕಣ್ಣು ತೆಗೆಯದೆ, "ಸ್ವಲ್ಪ ಕೆಲಸ ಉಂಟು ಮೇಡಂ" ಎಂದರು.

ಮೇಡಂ! ಇಷ್ಟು ವರ್ಷದಲ್ಲಿ ಆ ಮನುಷ್ಯನ ಬಾಯಿಂದ ಆ ಪದ ಬಂದಿರಲಿಲ್ಲ. ಹನ್ನೊಂದು ಸಾವಿರ ತಪ್ಪುಗಳನ್ನು ನೋಡಿದಾಗ ಆಗದ ಸಂಕಟ ಆ ಒಂದು ಮೇಡಂನಿಂದ ಆಯಿತು. ಮಧ್ಯಾಹ್ನ ಡಬ್ಬಿ ಬಿಚ್ಚಿ ಚಿತ್ರಾನ್ನ ಮುಂದಿಟ್ಟೆ. ಎರಡು ಚಮಚ ತಿಂದು, "ಚೆನ್ನಾಗಿದೆ ಮೇಡಂ" ಎಂದರು. ಅಂದು ನಿಂಬೆಹುಳಿ ಎಷ್ಟು ಬಿದ್ದಿತ್ತೆಂದರೆ ನನಗೇ ಕಣ್ಣಲ್ಲಿ ನೀರು ಬಂದಿತ್ತು. ಜಗಳವಾಡುವವರ ಜೊತೆ ರಾಜಿಯಾಗಬಹುದು, ಚೆನ್ನಾಗಿದೆ ಎನ್ನುವವರ ಜೊತೆ ಏನು ಮಾಡುವುದು?

ಇತ್ತ, ಸರಿಯಿದ್ದರೆ ಪರದೆಯಲ್ಲಿ ಹಸಿರು, ತಪ್ಪಿದ್ದರೆ ಕೆಂಪು ತೋರಿಸುವ ಬಿಲ್ಡು ದಿನವೂ ಕೆಂಪಗೆ ನಿಂತಿತ್ತು. ತಪ್ಪಿದ್ದರೆ ನಿಲ್ಲಿಸು ಎಂದು ನಾವೇ ಹೇಳಿದ್ದರಿಂದ ಅದು ನಿಷ್ಠೆಯಿಂದ ನಿಲ್ಲಿಸುತ್ತಿತ್ತು. ನಿಜ್ವಾದ ಆಸ್ಪತ್ರೆಗೆ ಕಳಿಸಬೇಕಾದದ್ದು ಕಳಿಸಲಾಗದೆ ಕುಳಿತಿತ್ತು. ಸಾಲಿಂ ಒಳ್ಳೆಯ ಮನುಷ್ಯ, ಸಿಟ್ಟು ಬಂದಷ್ಟೂ ಮಾತು ಕಡಿಮೆಯಾಗುತ್ತದೆ. ನನ್ನನ್ನು ಕರೆದು ಅರಬ್ಬಿ ಕಾಫಿ ಕಹ್ವಾದ ಪುಟ್ಟ ಬಟ್ಟಲು ಮುಂದಿಟ್ಟು, "ಗುರುವಾರದೊಳಗೆ ಬಿಲ್ಡ್ ಹಸಿರಾಗಬೇಕು. ಇಲ್ಲವಾದರೆ ನಿಮ್ಮ ತಂತ್ರ ಖಲಾಸ್" ಎಂದರು. ಜೊತೆಗೆ ಇನ್ನೊಂದು ಮಾತು ಸೇರಿಸಿದರು: "ರಫೀಕ್ ಬರೆದ ಹಳೆಯ ಭಾಗವನ್ನೇ ಪೂರ್ತಿ ತೆಗೆದು ಹೊರಗಿನವರಿಂದ ಹೊಸದಾಗಿ ಬರೆಸಿದರೆ ಹೇಗೆ?" ಬಟ್ಟಲನ್ನು ಕೆಳಗಿಟ್ಟೆ. ಖರ್ಜೂರದ ತೋಟದ ನೆರಳು, ಬಾನೆಟ್ಟಿನ ಮೇಲಿನ ಲ್ಯಾಪ್‌ಟಾಪು, ಇಲ್ಲಿ ಕೈ ಹಾಕಬೇಡಿ, ಎಲ್ಲವನ್ನೂ ನಾನೇ ತಂದು ಕೂರಿಸಿದ ತಂತ್ರ ಗುಡಿಸಿ ಹಾಕುವುದರಲ್ಲಿತ್ತು.

ಮನೆಗೆ ಬಂದು ಯಜಮಾನರ ಮುಂದೆ ಗೋಳಾಡಿದೆ. ಅವರು ಟಿವಿಯ ಸದ್ದು ಕಡಿಮೆ ಮಾಡಿ, "ಒಂದೊಂದಾಗಿ ತಿದ್ದಿದ್ರೆ ಆಗಲ್ವಾ?" ಎಂದರು. ಹನ್ನೊಂದು ಸಾವಿರವನ್ನು ಒಂದೊಂದಾಗಿ ತಿದ್ದುವ ಹೊತ್ತಿಗೆ ನಾವಿಬ್ಬರೂ ನಿವೃತ್ತರಾಗಿ ಮೈಸೂರು ಸೇರಿರುತ್ತೇವೆ. ಮಗಳನ್ನು ಕೇಳಿದರೆ, "ಅಮ್ಮಾ, ಜಸ್ಟ್ ಇಗ್ನೋರ್ ದೆಮ್" ಎಂದಳು. ಅವಳು ನನ್ನ ಮಾತುಗಳ ವಿಷಯದಲ್ಲೂ ಅದೇ ಧೋರಣೆ ಇಟ್ಟುಕೊಂಡಿರುವುದರಿಂದ ಆ ಸಲಹೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಸಿಟ್ಟಿಗೆ ಅಡಿಗೆಮನೆಗೆ ಹೋಗಿ, ಕೆಲಸವಿಲ್ಲದಿದ್ದರೂ ಕಪಾಟು ಬಿಚ್ಚಿ ಡಬ್ಬಿ ಒರೆಸತೊಡಗಿದೆ. ಖಾಲಿ ಡಬ್ಬಿ ಅಲ್ಲೇ ಇತ್ತು. ಈಗ ಯಾರೂ ಕೇಳುವವರಿಲ್ಲ ಎಂದು ನಾಲ್ಕು ಹೆಚ್ಚೇ ಆಗಿದ್ದವು.

ಅದನ್ನು ಕೈಯಲ್ಲಿ ಹಿಡಿದಾಗ ಮದುವೆಯಾಗಿ ಮನೆ ತುಂಬಿಸಿಕೊಂಡ ದಿನ ನೆನಪಾಯಿತು. ಅಂದು ನಾನು ಅತ್ತೆಯ ಅಡಿಗೆಮನೆಯಲ್ಲಿ ಮಾಡದ ತಪ್ಪಿಲ್ಲ. ಮಜ್ಜಿಗೆ ಬಟ್ಟಲನ್ನು ಎಡಗೈಯಲ್ಲಿ ಎತ್ತಿದೆ, ಒಗ್ಗರಣೆ ಸೀಯಿಸಿದೆ, ಮುಸುರೆ ಕೈಯಲ್ಲಿ ತುಪ್ಪದ ಜಾಡಿ ಮುಟ್ಟಿದೆ. ನೆಂಟರ ಗುಂಪಿನಲ್ಲಿದ್ದ ಅಜ್ಜಿಯೊಬ್ಬರು ಒಂದೊಂದನ್ನೂ ಎತ್ತಿ ಆಡತೊಡಗಿದಾಗ ಅತ್ತೆ ಅಡ್ಡ ಬಂದರು. "ಇವತ್ತಿನ ತನಕದ್ದು ಅವರಮ್ಮನ ಮನೆ ಲೆಕ್ಕ. ಅದನ್ನ ನಾನು ಹೊಟ್ಟೇಗೆ ಹಾಕ್ಕೊಂಡೆ. ನಾಳೆಯಿಂದ ಮಾಡಿದ್ದು ನಮ್ಮನೆ ಲೆಕ್ಕ, ಅದಕ್ಕೆ ಮಾತ್ರ ಬಿಡಲ್ಲ" ಎಂದರು. ಆ ಮಾತಿನ ಎರಡನೆಯ ಭಾಗವನ್ನು ಬದುಕಿರುವ ತನಕ ಚಾಚೂ ತಪ್ಪದೆ ಪಾಲಿಸಿದರು, ಅದನ್ನೇ ನಾನು ಜನರಿಗೆ ಹೇಳಿಕೊಂಡು ತಿರುಗಿದೆ. ಮೊದಲನೆಯ ಭಾಗವನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸಿದ್ದರು ಎನ್ನುವುದು ಖಾಲಿ ಡಬ್ಬಿ ಹಿಡಿದು ನಿಂತಾಗ ಹೊಳೆಯಿತು. ಎಡಗೈಯ ಮಜ್ಜಿಗೆ ಬಟ್ಟಲನ್ನು ಅವರು ಯಾವ ಜಗಳದಲ್ಲೂ ಎತ್ತಲಿಲ್ಲ. ಅಲ್ಲೇ ಕುಳಿತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ, ಬಿಲ್ಡಿಗೂ ಇದೇ ಮದ್ದು ಎನಿಸಿತು.

ಮರುದಿನ ಸಾಲಿಂ ಅವರಿಗೆ ವಿವರಿಸಿದೆ. ಇಂದಿನ ತನಕದ ತಪ್ಪುಗಳನ್ನೆಲ್ಲ ತಂತ್ರಕ್ಕೆ ಒಮ್ಮೆ ತೋರಿಸಿ, ಇವು ಹಳೆಯವು, ಗೊತ್ತಿರುವವು, ಇವಕ್ಕಾಗಿ ಬಿಲ್ಡ್ ನಿಲ್ಲಿಸಬೇಡ ಎಂದು ಹೇಳುವುದು. ನಾಳೆಯಿಂದ ಯಾರಾದರೂ ಹೊಸ ತಪ್ಪು ಮಾಡಿದರೆ ಮಾತ್ರ ನಿಲ್ಲಿಸು ಎನ್ನುವುದು. ಹಳೆಯದನ್ನು, ಯಾವಾಗ ಆ ಭಾಗಕ್ಕೆ ಕೈ ಹಾಕುತ್ತೇವೋ ಆಗ ತಿದ್ದಿದರಾಯಿತು. ರಫೀಕ್ ಬರೆದದ್ದನ್ನು ಕಿತ್ತುಹಾಕುವುದು ಬೇಕಿಲ್ಲ. ಸಾಲಿಂ ಗಡ್ಡ ನೀವಿಕೊಂಡು, "ಇದನ್ನು ಎಲ್ಲಿ ಕಲಿತಿರಿ?" ಎಂದರು. ಮೈಸೂರಿನ ಹಿರಿಯ ತಜ್ಞರೊಬ್ಬರಿಂದ ಎಂದೆ. "ಯಲ್ಲಾ, ಮಾಡಿ" ಎಂದರು. ಬಿಲ್ಡಿನ ಬೀಗದ ಕೈ ರಫೀಕ್ ಬಳಿ ಇದ್ದುದರಿಂದ ಅವರ ಮೇಜಿಗೇ ಹೋಗಬೇಕಾಯಿತು. ಕೇಳಿಸಿಕೊಂಡರು, ಬರೆದರು, ಓಡಿಸಿದರು. ಗುರುವಾರ ಸಂಜೆಗೆ ಮುಂಚೆ ಬಿಲ್ಡು ಹಸಿರಾಯಿತು. ಕೋಣೆಯಲ್ಲಿ ಚಪ್ಪಾಳೆಯಾಯಿತು. ರಫೀಕ್ ನನ್ನ ಕಡೆ ತಿರುಗಿ, "ಆಯ್ತು ಮೇಡಂ" ಎಂದರು. ಬಿಲ್ಡು ಹಸಿರು, ನನ್ನ ಮುಖ ಮಾತ್ರ ಕೆಂಪು. ಹೋಗುವ ಮುಂಚೆ ಧೈರ್ಯ ಮಾಡಿ, "ಮುಂದಿನ ಶುಕ್ರವಾರ ಗಣೇಶನ ಹಬ್ಬದ ಊಟಕ್ಕೆ ಮನೆಯವರನ್ನು ಕರ್ಕೊಂಡು ಬನ್ನಿ" ಎಂದೆ. "ಬರ್ತೇವೆ ಮೇಡಂ, ಥ್ಯಾಂಕ್ಸ್" ಎಂದರು.

ಗಣೇಶ ಊರಿನಲ್ಲಿ ಯಾವ ವಾರ ಬಂದರೂ ಮಸ್ಕತ್ತಿನಲ್ಲಿ ಅವನ ಊಟ ಶುಕ್ರವಾರವೇ. ಎಲ್ಲರಿಗೂ ರಜೆ ಇರುವುದು ಅಂದೇ, ದೇವರೂ ಅದಕ್ಕೆ ಹೊಂದಿಕೊಂಡಿದ್ದಾನೆ. ಅತ್ತೆಯ ವರ್ಷಾಬ್ದಿಕ ಮುಗಿದ ಮೇಲೆ ನಮ್ಮ ಮನೆಯಲ್ಲಿ ಅದು ಮೊದಲ ಹಬ್ಬ. ಬೆಳಿಗ್ಗೆಯಿಂದ ಒಬ್ಬಳೇ ಒಲೆಯ ಮುಂದೆ ನಿಂತೆ. ಹುಳಿ ಕುದಿಯುವಾಗ ಅಭ್ಯಾಸಬಲದಿಂದ ಕೈ ಫೋನಿನ ಕಡೆ ಹೋಯಿತು, ಪಾತ್ರೆಯ ಹತ್ತಿರ ಹಿಡಿಯಲು. ಅದನ್ನು ಕೆಳಗಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅತ್ತೆಯಂತೆಯೇ ಪಾತ್ರೆಯ ಮೇಲೆ ಬಗ್ಗಿ ಉಸಿರೆಳೆದೆ. ಇಂಗು, ಕೊತ್ತಂಬರಿ, ತೆಂಗಿನಕಾಯಿ, ಎಲ್ಲವೂ ಬಂತು. ಉಪ್ಪು ಸರಿಯಾಗಿದೆ ಎಂದು ಮೂಗು ಹೇಳಿತು. ಇಷ್ಟು ವರ್ಷ ಜೊತೆಗಿದ್ದುದಕ್ಕೆ ವಿದ್ಯೆ ನನಗೂ ಬಂದಿದೆ ಎಂದು ಉಬ್ಬಿಹೋದೆ.

ಜುಮ್ಮಾ ನಮಾಜು ಮುಗಿಸಿ ರಫೀಕ್ ದಂಪತಿ ಬಂದರು. ನಮ್ಮವೇ ಎರಡು ಮೈಸೂರು ಕುಟುಂಬಗಳೂ ಇದ್ದವು. ನೈವೇದ್ಯ ಮಾಡಿ ಎಲೆ ಹಾಕಿ ಬಡಿಸಿದೆ. ಎಲ್ಲರೂ ಹುಳಿಯನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟರು. "ಸೂಪರ್ ಆಗಿದೆ" ಎಂದರು ಒಬ್ಬರು. "ಊರಿನ ನೆನಪಾಯ್ತು" ಎಂದರು ಇನ್ನೊಬ್ಬರು. "ನೈಸ್ ಅಮ್ಮಾ" ಎಂದಳು ಮಗಳು. ಯಜಮಾನರು ತಲೆಯಾಡಿಸಿದರು. ದೇವರಂತೂ ಮೊದಲಿನಿಂದಲೂ ಸಭ್ಯಸ್ಥ, ಆಗಲೇ ಏನೂ ಹೇಳದೆ ಸ್ವೀಕರಿಸಿದ್ದ. ರಫೀಕ್ ಮಾತ್ರ ಎರಡನೆಯ ತುತ್ತನ್ನು ಬಾಯಿಯ ತನಕ ತಂದು, ನಿಲ್ಲಿಸಿ, ಎಲೆ ನೋಡಿದರು, ಸುತ್ತಲಿನವರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಏನೋ ನುಂಗಿಕೊಳ್ಳಲು ನೋಡಿದರು, ಆಗಲಿಲ್ಲ.

"ಅಕ್ಕ," ಎಂದರು, "ಇದಕ್ಕೆ ಉಪ್ಪೇ ಬೀಳ್ಲಿಲ್ಲ ಮಾರಾಯ್ರೆ! ಇವರೆಲ್ಲ ಹೇಗೆ ತಿಂತಾ ಇದ್ದಾರೆ ಎಂತದೋ!"

ಅವರ ಹೆಂಡತಿ ಮೊಣಕೈಯಲ್ಲಿ ತಿವಿದರು. ಯಜಮಾನರು ಈಗ ಧೈರ್ಯ ಬಂದು, "ನಂಗೂ ಹಾಗೇ ಅನ್ನಿಸ್ತು" ಎಂದರು. ನನಗೆ ಅವರಾರ ಮಾತೂ ಕಿವಿಗೆ ಬೀಳಲಿಲ್ಲ. ಅಕ್ಕ ಎಂದಿದ್ದರು. ಇಡೀ ಪಂಕ್ತಿಯಲ್ಲಿ ನನ್ನನ್ನು ತಮ್ಮವಳೆಂದು ತಿಳಿದು ತಪ್ಪು ಹೇಳಿದವರು ಅವರೊಬ್ಬರೇ. ಕಣ್ಣು ತುಂಬಿ ಬಂತು, ಎದ್ದು ಕೈ ಮುಗಿಯಬೇಕು ಎನ್ನಿಸಿತು. ಆದರೆ ಬಾಯಿಗೆ ಅದರದ್ದೇ ಆದ ಬುದ್ಧಿಯಿರುತ್ತದಲ್ಲ. "ಅದು ತಪ್ಪಲ್ಲ ರಫೀಕ್, ಬೇಕೂಂತಲೇ ಕಮ್ಮಿ ಹಾಕಿದ್ದು. ನಮ್ಮಲ್ಲಿ ಅರ್ಧ ಜನಕ್ಕೆ ಬಿಪಿ ಇದೆ ನೋಡಿ" ಎಂದುಬಿಟ್ಟೆ.

ರಫೀಕ್ ಜೋರಾಗಿ ನಕ್ಕರು, ಸಭೆಯ ಕೋಣೆಯಿಂದ ಎದ್ದು ಹೋದ ಮೇಲೆ ನಾನು ಕೇಳಿರದ ನಗು. "ಈ ತಪ್ಪು ಹಳೇದಾ ಅಕ್ಕ, ಹೊಸದಾ? ಹಳೇದಾದ್ರೆ ಹೊಟ್ಟೆಗೆ ಹಾಕಿಕೊಳ್ತೇನೆ" ಎಂದರು.

ಉಪ್ಪಿನ ಜಾಡಿ ತರಲು ಅಡಿಗೆಮನೆಗೆ ನಡೆದೆ. ಬೆಳಿಗ್ಗೆ ಅಳೆದು ಇಟ್ಟಿದ್ದ ಉಪ್ಪು ಒಲೆಯ ಪಕ್ಕದ ಬಟ್ಟಲಿನಲ್ಲಿ ಹಾಗೇ ಕುಳಿತಿತ್ತು, ನನ್ನ ಮೂಗಿನ ಕೆಳಗೇ. ಬಾಗಿಲ ಕಡೆ ತಿರುಗಿ ನೋಡಿದೆ, ಅಲ್ಲಿ ಯಾರೂ ನಿಂತಿರಲಿಲ್ಲ. "ಹೊಸದೇ ರಫೀಕ್, ಇವತ್ತಿಂದೇ!" ಎಂದು ಅಲ್ಲಿಂದಲೇ ಕೂಗಿದೆ. "ಯಾರೂ ತಿನ್ಬೇಡಿ, ನಿಲ್ಸಿ!"